ಚುಕ್ಕಾಣಿಯ ದೋಷವೂ ತಾಲೂಕಿಗೆ ತಲುಪದ ಕರೆಯೂ

ಮಾರಿದ ಮೋಟಾರು ಗಾಡಿಯಲ್ಲಿ ಪ್ರಾಣಾಪಾಯಕ್ಕೆ ಎಡೆಗೊಡುವ ದೋಷವೊಂದು ಉಳಿದುಹೋಗಿದೆಯೆಂದು ಕಾರಖಾನೆಯವರಿಗೆ ತಿಳಿದುಬಂದಾಗ, ಆ ಗಾಡಿಗಳನ್ನೆಲ್ಲ ಮರಳಿ ಕರೆಯಿಸಿ, ಒಡೆಯನಿಗೆ ಒಂದು ಕಾಸಿನ ಖರ್ಚೂ ಬಾರದಂತೆ ಸರಿಪಡಿಸಿ ಕೊಡುವ ಪದ್ಧತಿಯೊಂದುಂಟು. ವ್ಯವಹಾರದಲ್ಲಿ ಇದಕ್ಕೆ ‘ರೀಕಾಲ್’ ಎನ್ನುವರು. ನಾವು ಇಲ್ಲಿ ‘ಮರುಕರೆ’ ಎನ್ನೋಣ. ದೊಡ್ಡ ಪಟ್ಟಣದಲ್ಲಿ ಹೊಸ ಗಾಡಿ ಕೊಂಡವನಿಗೆ ಈ ಕರೆಯು ಫೋನಿನ ಮೂಲಕವೋ ಟಪಾಲಿನ ಮೂಲಕವೋ ಬಂದು ಮುಟ್ಟುವದು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಸ್ಥಿತಿಯೇ ಬೇರೆ. ಈ ನಾಲ್ಕೂ ಊರುಗಳ ಬಸ್ ನಿಲ್ದಾಣಗಳ ಎದುರಿಗೆ ನಿಲ್ಲುವ ಬಾಡಿಗೆ ಗಾಡಿಯವರನ್ನು ನಾವು ವಿಚಾರಿಸಿ ನೋಡಿದೆವು. ಮರುಕರೆಯೆಂಬದನ್ನು ಕೇಳಿ ಬಲ್ಲವರು ಕೆಲವರು. ತಮ್ಮ ಗಾಡಿಗೆ ಅಂಥ ಕರೆ ಬಂದಿದೆಯೋ ಇಲ್ಲವೋ ಎಂದು ನೋಡಿಕೊಂಡವರು ಒಬ್ಬರೂ ಸಿಕ್ಕಲಿಲ್ಲ. ಕೆಟ್ಟಿರುವದು ಗಾಡಿಯ ಬಣ್ಣವಲ್ಲ, ದೀಪವಲ್ಲ, ಚುಕ್ಕಾಣಿಯೇ ಆಗಿರುವಾಗ ಈ ಅಜ್ಞಾನವನ್ನು ಅಲಕ್ಷಿಸುವದು ಹೇಗೆ?

ಚುಕ್ಕಾಣಿಯ ಮಾತನ್ನು ನಾವು ಸುಮ್ಮನೆ ಎತ್ತಿಲ್ಲ. ೨೦೧೩ನೆಯ ಇಸವಿಯ ಸಪ್ಟಂಬರದಲ್ಲಿ ಫೋರ್ಡ್ ಕಂಪನಿಯವರು ಹಿಂದೂದೇಶದಲ್ಲಿ ಮಾರಿದ ಫಿಗೊ ಮತ್ತು ಕ್ಲಾಸಿಕ್ ಕಾರುಗಳಲ್ಲಿ ೧,೬೬,೦೨೧ನ್ನು ಮರಳಿ ಕರೆದರು. ಹಿಂದಿನ ಗಾಲಿಗಳ ತೊಲೆಯಲ್ಲಿಯೂ ಪವರ್ ಸ್ಟೀರಿಂಗಿನ ಎಣ್ಣೆಯನ್ನೊಯ್ಯುವ ಕೊಳವೆಯಲ್ಲಿಯೂ ದೋಷದ ಶಂಕೆಯಿದ್ದುದೇ ಅದಕ್ಕೆ ಕಾರಣ. ೨೦೧೮ರ ಜುಲೈಯಲ್ಲಿ ಹೋಂಡಾ ಕಂಪನಿಯು ೭,೨೯೦ ಹೊಸ ಅಮೇಜ್ ಕಾರುಗಳನ್ನು ಕರೆಯಿತು. ಆ ವರ್ಷದ ಏಪ್ರಿಲ್ ೧೭ರಿಂದ ಮೇ ೨೪ರ ವರೆಗೆ ತಯಾರಾದ ಈ ಕಾರುಗಳಲ್ಲಿ ವಿದ್ಯುತ್ತಿನ ಪವರ್ ಸ್ಟೀರಿಂಗಿನ ಸೆನ್ಸರು ಕೆಟ್ಟು, ಚಕ್ರವು ಕೈಗೆ ಭಾರವಾಗುವ ಸಂಭವವಿದ್ದಿತು. ೨೦೨೩ರ ಜುಲೈಯಲ್ಲಿ ಮಾರುತಿ ಸುಜುಕಿಯವರು ಎಸ್-ಪ್ರೆಸೊ ಹಾಗೂ ಈಕೊ ಗಾಡಿಗಳಲ್ಲಿ ೮೭,೫೯೯ನ್ನು ಕರೆದರು. ಇವು ೨೦೨೧ರ ಜುಲೈ ೫ರಿಂದ ೨೦೨೩ರ ಫೆಬ್ರುವರಿ ೧೫ರೊಳಗೆ ತಯಾರಾದವು; ಚುಕ್ಕಾಣಿಯ ಚಲನೆಯನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸುವ ಟೈ ರಾಡ್ ಎಂಬ ಸಲಾಕೆಯು ಕ್ವಚಿತ್ತಾಗಿ ಮುರಿಯಬಹುದೆಂಬ ಭಯವಿದ್ದಿತು. ೨೦೨೪ರ ಆಗಸ್ಟಿನಲ್ಲಿ ಅದೇ ಕಂಪನಿಯು ೨,೫೫೫ ಆಲ್ಟೊ ಕೆ-೧೦ ಕಾರುಗಳನ್ನು ಚುಕ್ಕಾಣಿಯ ಗೇರು ಪೆಟ್ಟಿಗೆಯ ದೋಷಕ್ಕಾಗಿ ಕರೆದು, ಆ ಭಾಗವನ್ನು ಬದಲಿಸುವ ತನಕ ಗಾಡಿಯನ್ನು ಓಡಿಸಲೇಬೇಡಿರೆಂದು ಎಚ್ಚರಿಸಿತು.

ಇವುಗಳಲ್ಲಿ ಈಕೊ ಎಂಬದು ಯಾರ ಗಾಡಿ? ಸವಣೂರಿನಿಂದ ಬಾಣಂತಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುವ ಗಾಡಿ ಅದು. ಹಾನಗಲ್ಲ ತಾಲೂಕಿನ ಹಳ್ಳಿಗಳಿಂದ ಶಾಲೆಯ ಮಕ್ಕಳನ್ನು ತುಂಬಿಕೊಂಡು ಬರುವ ಗಾಡಿ ಅದು. ಹಿರೇಕೆರೂರಿನಲ್ಲಿ ಮದುವೆಯ ದಿಬ್ಬಣಕ್ಕೂ, ಮಸೂರಿನ ಸಂತೆಗೂ, ಶವವನ್ನು ಊರಿಗೆ ತರುವದಕ್ಕೂ ಒಂದೇ ಗಾಡಿ ಅದು. ಐವರಿಗೋ ಏಳು ಜನರಿಗೋ ಎಂದು ಮಾಡಿದ ಅದರಲ್ಲಿ ಎಷ್ಟು ಜನ ಕೂಡ್ರುತ್ತಾರೆಂಬದನ್ನು ಇಲ್ಲಿ ಬರೆದರೆ ಆರಕ್ಷಕ ಇಲಾಖೆಯವರಿಗೆ ಸಂಕೋಚವಾದೀತು.

ಈ ಅಂಕಿಗಳನ್ನು ಓದಿ ಯಾವ ಕಂಪನಿಯನ್ನೂ ಹೀನವಾಗಿ ಎಣಿಸಲಾಗದು. ತನ್ನ ತಪ್ಪನ್ನು ಜಾಹೀರು ಮಾಡಿ ತನ್ನ ಖರ್ಚಿನಿಂದ ತಿದ್ದಿಕೊಡುವ ವ್ಯಾಪಾರಿಯು, ತಪ್ಪನ್ನು ಮುಚ್ಚಿಕೊಂಡು ಕುಳಿತವನಿಗಿಂತ ಮೇಲೆಂದು ನಾವು ಬಗೆಯುವೆವು. ‘ಅವರ ಗಾಡಿಗಳನ್ನೆಲ್ಲ ಹಿಂದಕ್ಕೆ ಕರೆದಿದ್ದಾರಂತೆ, ಕೊಳ್ಳಬೇಡ’ ಎಂದು ನಮ್ಮ ಪೇಟೆಯಲ್ಲಿ ಆಡಿಕೊಳ್ಳುವ ಮಾತು ಅವಿವೇಕದ್ದು. ಅಮೇರಿಕದ ಜನರಲ್ ಮೋಟರ್ಸ್ ಕಂಪನಿಯೊಳಗಿನ ಕೆಲವರು ಕೀಲಿಯ ಸ್ವಿಚ್ಚಿನ ದೋಷವೊಂದನ್ನು ಹತ್ತು ವರ್ಷಗಳಿಂದ ಬಲ್ಲವರಾಗಿದ್ದರೂ ಮರುಕರೆ ಹೊರಟದ್ದು ೨೦೧೪ರಲ್ಲಿ. ಓಡುವಾಗಲೇ ಎಂಜಿನು ನಿಂತು, ಚುಕ್ಕಾಣಿಯ ಬಲವೂ ಬ್ರೇಕಿನ ಬಲವೂ ಅಡಗಿ, ಆಪತ್ತಿನಲ್ಲಿ ಬಿಚ್ಚಬೇಕಾದ ಗಾಳಿಚೀಲವೂ ಬಿಚ್ಚದೆ ೧೨೪ ಜನರು ಸತ್ತರೆಂದು ಆ ಕಂಪನಿಯೇ ಏರ್ಪಡಿಸಿದ ಪರಿಹಾರನಿಧಿಯವರು ಲೆಕ್ಕ ಕೊಟ್ಟರು.

ಪವರ್ ಸ್ಟೀರಿಂಗ್ ಎಂದರೇನೆಂಬದನ್ನು ಹಳೆಯ ಲಾರಿ ನಡೆಯಿಸಿದವರಿಗೆ ಹೇಳಬೇಕಾಗಿಲ್ಲ. ಅವರ ಕಾಲದಲ್ಲಿ ತಿರುವಿನಲ್ಲಿ ಗಾಡಿಯನ್ನು ಹೊರಳಿಸುವದೆಂದರೆ ಎರಡೂ ತೋಳುಗಳ, ಒಮ್ಮೊಮ್ಮೆ ಎದೆಯ, ಬಲವನ್ನು ಹಾಕುವದಾಗಿದ್ದಿತು. ಈಗ ಒಂದು ಬೆರಳು ಸಾಕು. ಉಳಿದ ಬಲವನ್ನು ಯಂತ್ರವು ಕೊಡುತ್ತದೆ. ಒಂದು ಬಗೆಯಲ್ಲಿ ಎಂಜಿನಿನ ಪಟ್ಟಿಯಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಿಂದ ಕೊಳವೆಯೊಳಗೆ ನೂಕಿ ಗಾಲಿಗಳನ್ನು ಹೊರಳಿಸಲು ನೆರವಾಗುವದು. ಇನ್ನೊಂದು ಬಗೆಯಲ್ಲಿ ಚಾಲಕನು ಚಕ್ರವನ್ನು ಎಷ್ಟು ತಿರುವಿದನೆಂಬದನ್ನು ಒಂದು ಸೆನ್ಸರು ಅಳೆದು ಹೇಳಿದಂತೆ, ಒಂದು ಸಣ್ಣ ವಿದ್ಯುತ್ ಮೋಟಾರು ಅದಕ್ಕೆ ತಕ್ಕ ಬಲವನ್ನು ಕೂಡಿಸುವದು. ಈಚಿನ ಕಾರುಗಳಲ್ಲಿ ಹೆಚ್ಚಾಗಿ ಇರುವದು ಇದೇ. ಈ ನೆರವು ನಿಂತುಹೋದರೆ ಚಕ್ರವು ಸ್ತಂಭಿಸುವದಿಲ್ಲ. ಗಾಲಿಗೂ ಚಕ್ರಕ್ಕೂ ಇರುವ ಕಬ್ಬಿಣದ ಸಂಬಂಧ ಹಾಗೆಯೇ ಉಳಿಯುವದು. ಬಲವುಳ್ಳ ಚಾಲಕನು ಗಾಡಿಯನ್ನು ದಡ ಸೇರಿಸಬಲ್ಲನು. ಆದರೆ ಬೆರಳಿಗೆ ತಿರುಗುತ್ತಿದ್ದ ಚಕ್ರವು ತಿರುವಿನ ನಟ್ಟನಡುವೆ, ಎದುರಿನಿಂದ ಎರಡು ಡಬ್ಬಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರು ಬರುತ್ತಿರುವಾಗ, ಒಂದು ಕ್ಷಣದಲ್ಲಿ ಕಲ್ಲಾದರೆ ಆ ಬಲವನ್ನು ನೆನೆದು ಹಾಕುವಷ್ಟು ಸಮಯ ಯಾರಿಗಿದ್ದೀತು? ಎಣ್ಣೆಯ ಕೊಳವೆ ಒಡೆದರೆ ಇನ್ನೊಂದು ಭಯ. ಕಾದ ಎಂಜಿನಿನ ಮೇಲೆ ಎಣ್ಣೆ ಬಿದ್ದು ಬೆಂಕಿ ಹತ್ತಬಹುದು. ಟೈ ರಾಡೇ ಮುರಿದರಂತೂ ಬಲವೂ ಇಲ್ಲ, ಚಾತುರ್ಯವೂ ಇಲ್ಲ.

ನಮ್ಮ ಪತ್ರಿಕೆಯ ಕಟ್ಟುಗಳನ್ನು ಬೆಳಗಿನ ಜಾವದಲ್ಲಿ ಹಂಚಿ ಬರುವ ಗಾಡಿಯ ಮಾತನ್ನೇ ಹೇಳುವೆವು. ಹುಬ್ಬಳ್ಳಿಯ ದಲಾಲನೊಬ್ಬನ ಮುಖಾಂತರ ಕೊಂಡ ಗಾಡಿ ಅದು. ನಾವು ಅದಕ್ಕೆ ಮೂರನೆಯ ಒಡೆಯರು. ಚಾಲಕನ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತತೊಡಗಿತು. ಊರಿನ ಮಿಸ್ತ್ರಿಯು ಅದನ್ನು ನೋಡಿ, ದೀಪವೇ ಕೆಟ್ಟಿದೆಯೆಂದು ನಿರ್ಣಯಿಸಿ, ಅದರ ಮೇಲೆ ಕರಿಯ ಪಟ್ಟಿ ಅಂಟಿಸಿ ಕಳಿಸಿದನು. ನಾವೂ ಒಪ್ಪಿದೆವು, ಆ ತಪ್ಪು ನಮ್ಮದು. ಒಂದೂವರೆ ತಿಂಗಳ ತರುವಾಯ ಅಕ್ಕಿಆಲೂರಿನ ಈಚೆಯ ತಿರುವಿನಲ್ಲಿ ಚಕ್ರವು ಬಿಗಿದು, ಗಾಡಿಯು ರಸ್ತೆ ಬಿಟ್ಟು ಬತ್ತದ ಗದ್ದೆಯಲ್ಲಿ ಇಳಿದು ನಿಂತಿತು. ಮಳೆ ಹೋಗಿ ಎಂಟು ದಿನವಾಗಿದ್ದರಿಂದ ಕೆಸರು ಮೆತ್ತಗಿದ್ದಿತು, ಚಾಲಕನಿಗೆ ಪೆಟ್ಟಾಗಲಿಲ್ಲ. ಆ ದಿನ ಪತ್ರಿಕೆ ತಡವಾಯಿತೆಂದು ನಮಗೆ ಆಕ್ಷೇಪಣೆಯ ಪತ್ರಗಳು ಬಂದವು. ಗಾಡಿಯನ್ನು ಹುಬ್ಬಳ್ಳಿಗೆ ಎಳೆಯಿಸಿಕೊಂಡು ಹೋದಾಗ ಅಧಿಕೃತ ಕಾರ್ಯಾಗಾರದ ಹುಡುಗನೊಬ್ಬನು ಚಾಸಿಯ ಅಂಕಿಯನ್ನು ಯಂತ್ರಕ್ಕೆ ಕೊಟ್ಟು, ಅರೆ ನಿಮಿಷದಲ್ಲಿ, ‘ಇದಕ್ಕೆ ನಾಲ್ಕು ವರ್ಷದ ಹಿಂದೆಯೇ ಮರುಕರೆ ಹೋಗಿದೆ, ಮೂರು ಸಲ ಪತ್ರ ಬರೆದಿದ್ದಾರೆ’ ಎಂದನು. ಪತ್ರಗಳು ಹೋದದ್ದು ಮೊದಲನೆಯ ಒಡೆಯನ ಬೆಂಗಳೂರಿನ ವಿಳಾಸಕ್ಕೆ. ಗಾಡಿಯನ್ನು ಮಾರಿದವನಿಗೆ ಅದರ ಕೊಳವೆಯ ಚಿಂತೆ ಏಕೆ? ಕಂಪನಿಯ ಹೆಸರನ್ನು ಇಲ್ಲಿ ಹೇಳಲು ಕಾರಣವಿಲ್ಲ. ಅವರು ಪತ್ರ ಬರೆದೇ ಬರೆದಿದ್ದರು.

ಇದೇ ನಾವು ಇಂದು ಹೇಳಬೇಕೆಂದಿರುವ ಮುಖ್ಯ ಮಾತು. ಮರುಕರೆಯು ಗಾಡಿಯನ್ನು ಹಿಂಬಾಲಿಸುವದಿಲ್ಲ, ಮೊದಲು ಕೊಂಡವನನ್ನು ಹಿಂಬಾಲಿಸುತ್ತದೆ. ಅಪಾಯವಾದರೋ ಗಾಡಿಯ ಜೊತೆಗೆ ಬರುತ್ತದೆ. ಬೆಂಗಳೂರು, ಪುಣೆ, ಹುಬ್ಬಳ್ಳಿಗಳಲ್ಲಿ ಐದಾರು ವರ್ಷ ಓಡಿದ ಗಾಡಿಯು ದಲಾಲರ ಕೈಯಿಂದ ಕೈಗೆ ದಾಟಿ ಕೊನೆಗೆ ನಮ್ಮ ತಾಲೂಕುಗಳಿಗೆ ಇಳಿಯುವದು; ಇಲ್ಲಿ ಅದಕ್ಕೆ ಹಳದಿ ಫಲಕ ಹಾಕಿಯೋ ಹಾಕದೆಯೋ ಬಾಡಿಗೆಗೆ ಬಿಡುವರು. ಅಧಿಕೃತ ಕಾರ್ಯಾಗಾರಗಳು ಹೆಚ್ಚಾಗಿ ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರು, ದಾವಣಗೆರೆಗಳಲ್ಲಿ. ಒಂದು ದಿನದ ದುಡಿಮೆಯನ್ನು ಬಿಟ್ಟು ಅಲ್ಲಿಗೆ ಹೋಗಿ ‘ನನ್ನ ಗಾಡಿಯಲ್ಲಿ ಏನಾದರೂ ದೋಷವುಂಟೆ?’ ಎಂದು ಕೇಳುವ ಹಿರೇಕೆರೂರಿನ ಚಾಲಕನನ್ನು ಕಲ್ಪಿಸಿಕೊಳ್ಳುವದು ಕಠಿಣ.

ನಮ್ಮ ಜನರು ಹೇಗೆ ಪ್ರಯಾಣ ಮಾಡುತ್ತಾರೆಂಬದನ್ನು ಸರಕಾರವು ೨೦೨೫ರ ಜನವರಿ ೨೨ರಂದು ಕಂಡಿತು. ಸವಣೂರಿನ ಹಣ್ಣು ಕಾಯಿಪಲ್ಲೆಯ ವ್ಯಾಪಾರಿಗಳು ತಮ್ಮ ಸರಕಿನ ಮೇಲೆಯೇ ಕುಳಿತು ಕುಮಟೆಯ ಸಂತೆಗೆ ಹೊರಟಿದ್ದ ಲಾರಿಯು, ಬೆಳಗಾಗುವ ಮೊದಲು ಯಲ್ಲಾಪುರದ ಹತ್ತಿರ ಅರೆಬೈಲು ಘಟ್ಟದಲ್ಲಿ ಕಂದರಕ್ಕೆ ಉರುಳಿ ಹತ್ತು ಜನರು ಅಸುನೀಗಿದರು. ಇನ್ನೊಂದು ಗಾಡಿಗೆ ದಾರಿ ಬಿಡಲು ಹೋಗಿ ಎಡಕ್ಕೆ ಹೊರಳಿದಾಗ ಹೀಗಾಯಿತೆಂದು ಪೊಲೀಸರು ಹೇಳಿದರು; ಚುಕ್ಕಾಣಿಯ ದೋಷವನ್ನು ಯಾರೂ ಹೇಳಿಲ್ಲ, ನಾವೂ ಹೇಳುವದಿಲ್ಲ. ಸತ್ತವರ ಮನೆಗಳಲ್ಲಿ ಇಲ್ಲದ ಊಹೆಗಳನ್ನು ಬಿತ್ತುವದು ಪತ್ರಿಕಾಧರ್ಮವಲ್ಲ. ಆದರೆ ಆ ಘಟ್ಟದಲ್ಲಿ, ಆ ಹೊತ್ತಿನಲ್ಲಿ, ಇಪ್ಪತ್ತಕ್ಕೂ ಮೇಲ್ಪಟ್ಟು ಜನರ ಪ್ರಾಣವು ಒಬ್ಬ ಚಾಲಕನ ಕೈಯನ್ನೂ ಒಂದು ಚಕ್ರವನ್ನೂ ನಂಬಿತ್ತೆಂಬದು ಮಾತ್ರ ನಿಜ. ಇಂಥ ಪ್ರಯಾಣವು ಪ್ರತಿ ದಿನವೂ ನಡೆದಿದೆ. ಆ ಕೈಯನ್ನು ತಿದ್ದುವದು ಸುಲಭವಲ್ಲ. ದೋಷವುಳ್ಳ ಚಕ್ರವನ್ನಾದರೋ, ಅದು ಯಾವದೆಂದು ಕಾರಖಾನೆಯವರೇ ಅಂಕಿ ಸಮೇತ ಹೇಳಿದ ಮೇಲೆ, ತಿದ್ದದೆ ಬಿಡುವದಕ್ಕೆ ಯಾವ ಸಮಾಧಾನವೂ ಇಲ್ಲ.

ಕಾಯಿದೆ ಇಲ್ಲವೆಂದಲ್ಲ. ೨೦೧೨ರಿಂದ ಮೋಟಾರು ತಯಾರಕರ ಸಂಘದವರು ತಾವಾಗಿಯೇ ಮಾಡಿಕೊಂಡ ನಿಯಮವೊಂದಿದ್ದಿತು. ೧೯೮೮ರ ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯಿಂದ ೧೧೦-ಎ ಎಂಬ ಹೊಸ ಕಲಮು ಸೇರಿ, ಕೇಂದ್ರ ಸರಕಾರಕ್ಕೇ ಮರುಕರೆಯನ್ನು ವಿಧಿಸುವ ಅಧಿಕಾರ ಬಂದಿತು. ಕಂಪನಿಯು ಬೆಲೆಯನ್ನು ಮರಳಿ ಕೊಡಬೇಕು, ಇಲ್ಲವೆ ಬೇರೆ ಗಾಡಿ ಕೊಡಬೇಕು, ಇಲ್ಲವೆ ದುರಸ್ತು ಮಾಡಿಕೊಡಬೇಕು. ಮೇಲೆ ದಂಡವೂ ಉಂಟು. ಇದರ ನಿಯಮಗಳು ೨೦೨೧ರ ಏಪ್ರಿಲ್ ೧ರಿಂದ ಜಾರಿಗೆ ಬಂದವು. ಗಾಡಿಯ ವರ್ಗವನ್ನೂ ಸಂಖ್ಯೆಯನ್ನೂ ನೋಡಿ ಹತ್ತು ಲಕ್ಷದಿಂದ ಒಂದು ಕೋಟಿ ರೂಪಾಯಿಗಳ ವರೆಗೆ ದಂಡವನ್ನು ಗೊತ್ತುಪಡಿಸಲಾಗಿದೆ. ಇಷ್ಟರ ಮಟ್ಟಿಗೆ ಸರಕಾರವು ಅಭಿನಂದನೆಗೆ ಪಾತ್ರವಾದುದೇ.

ಆದರೆ ಆ ನಿಯಮಗಳನ್ನು ತಾಲೂಕಿನಲ್ಲಿ ಕುಳಿತು ಓದಿದವನಿಗೆ ಎರಡು ಮಾತುಗಳು ಗಂಟಲಲ್ಲಿ ಸಿಕ್ಕುವವು. ಮೊದಲನೆಯದು ವಯಸ್ಸಿನ ಮಿತಿ. ಏಳು ವರ್ಷಕ್ಕೆ ಮೀರಿದ ಗಾಡಿಗೆ ಈ ಕಡ್ಡಾಯದ ಮರುಕರೆ ಇಲ್ಲ. ಏಳು ವರ್ಷಕ್ಕೆ ಗಾಡಿಗೆ ಪಟ್ಟಣದಲ್ಲಿ ಮುಪ್ಪು ಬರಬಹುದು. ನಮ್ಮಲ್ಲಿ ಆಗ ಅದಕ್ಕೆ ಎರಡನೆಯ ಹುಟ್ಟು. ಶಿಗ್ಗಾಂವದ ಹೆದ್ದಾರಿಯ ಬದಿಯಲ್ಲಿ ಅರ್ಧ ತಾಸು ನಿಂತು ನೋಡಿದರೆ ತಿಳಿಯುವದು: ಹೆದ್ದಾರಿಯಲ್ಲಿ ಬೆಂಗಳೂರು ಪುಣೆಗಳಿಗೆ ಓಡುವ ಗಾಡಿಗಳು ಹೊಸವು, ಅಲ್ಲಿಂದ ಹಳ್ಳಿಯ ದಾರಿ ಹಿಡಿದು ಹೊರಳುವ ಗಾಡಿಗಳು ಹಳೆಯವು. ಹೀಗೆ, ಬಡವನ ಕೈಗೆ ಗಾಡಿ ಬರುವ ಹೊತ್ತಿಗೆ ಸರಿಯಾಗಿ ಕಾಯಿದೆಯು ಆ ಗಾಡಿಯಿಂದ ಇಳಿದುಬಿಡುತ್ತದೆ. ಅಮೇರಿಕದಲ್ಲಿ ಖರ್ಚಿಲ್ಲದೆ ದೋಷ ತಿದ್ದಿಕೊಡುವ ಅವಧಿಯು ಹತ್ತು ವರ್ಷವಿದ್ದುದನ್ನು ೨೦೧೫ರಲ್ಲಿ ಹದಿನೈದಕ್ಕೆ ಏರಿಸಿದರು. ಅಲ್ಲಿ ಗಾಡಿಗಳು ನಮ್ಮಲ್ಲಿಗಿಂತ ಬೇಗನೆ ಮುದಿಯಾಗುತ್ತವೆಂದೂ, ನಮ್ಮಲ್ಲಿ ಏಳಕ್ಕೇ ಗುಜರಿಗೆ ಹೋಗುತ್ತವೆಂದೂ ದಿಲ್ಲಿಯವರು ತಿಳಿದಿದ್ದಾರೆಯೆ?

ಎರಡನೆಯದು ದೂರುಗಳ ಲೆಕ್ಕ. ವರ್ಷಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚಾಗಿ ಮಾರಾಟವಾಗುವ ಕಾರಿನ ಬಗ್ಗೆ ೧,೨೫೦ ಒಡೆಯರು ದೂರಿಟ್ಟರೆ ಸರಕಾರವು ವಿಚಾರಣೆಗೆ ತೊಡಗುವದು. ಬಸ್ಸು ಲಾರಿಗಳಿಗೆ ವರ್ಷದ ಮಾರಾಟದಲ್ಲಿ ಶೇಕಡಾ ೩. ದೂರನ್ನು ಇಂಟರ್ನೆಟ್ಟಿನ ಮೂಲಕ ಕೊಡತಕ್ಕದ್ದು. ದೂರು ಕೊಡುವದು ಒಂದು ವಿದ್ಯೆ. ಅದು ಪಟ್ಟಣದವರಿಗೆ ಬಂದಿದೆ, ನಮ್ಮವರಿಗೆ ಬಂದಿಲ್ಲ. ಚಕ್ರ ಬಿಗಿದು ಗಾಡಿಯು ಗದ್ದೆಗೆ ಬಿದ್ದರೆ ನಮ್ಮ ಚಾಲಕನು ದೇವರನ್ನು ಬೈದು, ಮಿಸ್ತ್ರಿಗೆ ಹಣ ಕೊಟ್ಟು, ಮರುದಿನ ಬಾಡಿಗೆಗೆ ಹೋಗುವನು. ಅವನು ಸತ್ತರೆ ‘ಚಾಲಕನ ನಿಷ್ಕಾಳಜಿ’ ಎಂದು ಪಂಚನಾಮೆ ಆಗುವದು. ಸತ್ತ ಚಾಲಕನು ದೂರು ಕೊಡುವದಿಲ್ಲವಾದುದರಿಂದ ೧,೨೫೦ರ ಲೆಕ್ಕದಲ್ಲಿ ಅವನು ಬರುವದೇ ಇಲ್ಲ. ಕಾಯಿದೆಯಲ್ಲಿಯೇ, ಒಡೆಯರ ದೂರಲ್ಲದೆ ಪರೀಕ್ಷಾ ಸಂಸ್ಥೆಗಳಿಂದಾಗಲಿ ‘ಬೇರೆ ಯಾವ ಮೂಲದಿಂದಾಗಲಿ’ ವರದಿ ಬಂದರೂ ಸಾಕೆಂಬ ಅನುಕೂಲವಿದೆ. ಅಪಘಾತದ ತರುವಾಯ ಗಾಡಿಯನ್ನು ಪರೀಕ್ಷಿಸುವ ಮೋಟಾರು ವಾಹನ ನಿರೀಕ್ಷಕರೇ ಆ ಬೇರೆ ಮೂಲವೇಕಾಗಬಾರದು? ಒಂದೇ ಜಾತಿಯ ಗಾಡಿಯಲ್ಲಿ ಒಂದೇ ಸಲಾಕೆ ಎರಡು ಸಲ ಮುರಿದುದನ್ನು ಕಂಡ ನಿರೀಕ್ಷಕನು ದಿಲ್ಲಿಗೆ ನೇರವಾಗಿ ಬರೆಯತಕ್ಕದ್ದೆಂದು ಒಂದು ಸುತ್ತೋಲೆ ಹೊರಟರೆ, ೧,೨೫೦ ಜನರ ದಾರಿಯನ್ನು ಕಾಯಬೇಕಾಗಿಲ್ಲ.

ಬಾಡಿಗೆಯ ಗಾಡಿಗಳ ವಿಷಯದಲ್ಲಿ ನಾವು ಇಷ್ಟು ಆಗ್ರಹದಿಂದ ಬರೆಯುವದಕ್ಕೆ ದೂರದೇಶದ ಒಂದು ಕಥೆಯೂ ಕಾರಣ. ೨೦೦೪ರ ಅಕ್ಟೋಬರದಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ಇಬ್ಬರು ತರುಣ ಸೋದರಿಯರು ತಾಯಿಯನ್ನು ಕಂಡು ಬಾಡಿಗೆಯ ಕಾರಿನಲ್ಲಿ ಮರಳುತ್ತಿದ್ದರು. ಪವರ್ ಸ್ಟೀರಿಂಗಿನ ಎಣ್ಣೆ ಸೋರಿ ಎಂಜಿನಿನಲ್ಲಿ ಬೆಂಕಿ ಹತ್ತಿತು, ಚುಕ್ಕಾಣಿಯು ಕೈತಪ್ಪಿ ಕಾರು ಎದುರಿನ ಲಾರಿಗೆ ಬಡಿಯಿತು, ಇಬ್ಬರೂ ಸತ್ತರು. ಇದೇ ದೋಷಕ್ಕಾಗಿ ಆ ಜಾತಿಯ ಕಾರುಗಳಿಗೆ ಮರುಕರೆ ಬಂದಿದ್ದಿತು. ಪತ್ರವು ಬಾಡಿಗೆಯ ಕಂಪನಿಗೆ ಮುಟ್ಟಿಯೂ ಇದ್ದಿತು. ದುರಸ್ತು ಮಾಡಿಸದೆಯೇ ಕಾರನ್ನು ಬಾಡಿಗೆಗೆ ಕೊಟ್ಟಿದ್ದರು. ಮರುಕರೆ ಬಂದ ಗಾಡಿಯನ್ನು ದುರಸ್ತಿಯಿಲ್ಲದೆ ಬಾಡಿಗೆಗೆ ಕೊಡಲಾಗದೆಂಬ ಕಾಯಿದೆಯು ಆಗ ಆ ದೇಶದಲ್ಲಿ ಇರಲಿಲ್ಲ. ಆ ತಾಯಿಯು ವರುಷಾನುಗಟ್ಟಲೆ ನ್ಯಾಯಾಲಯಕ್ಕೂ ಶಾಸನಸಭೆಗೂ ಅಲೆದಳು. ೨೦೧೫ರ ಡಿಸೆಂಬರದಲ್ಲಿ ಅವಳ ಮಕ್ಕಳ ಹೆಸರಿನಲ್ಲಿಯೇ ಆ ಕಾಯಿದೆ ಆಯಿತು. ಹನ್ನೊಂದು ವರ್ಷ ಬೇಕಾದವು. ನಮ್ಮ ದೇಶದಲ್ಲಿ ಇನ್ನೂ ಅಂಥ ನಿರ್ಬಂಧ ಬಂದಿಲ್ಲ. ಮರುಕರೆ ಬಾಕಿಯಿರುವ ಗಾಡಿಯು ಹಳದಿ ಫಲಕ ಹೊತ್ತು ಮಕ್ಕಳನ್ನು ಶಾಲೆಗೆ ಒಯ್ದರೆ ಯಾವ ಅಧಿಕಾರಿಯೂ ತಡೆಯುವದಿಲ್ಲ.

ಗಾಡಿಯ ಈಗಿನ ಒಡೆಯನನ್ನು ಹುಡುಕುವದು ಅಸಾಧ್ಯವೆಂಬ ಉತ್ತರ ಬಂದರೆ ನಾವು ಒಪ್ಪಲಾರೆವು. ಜರ್ಮನಿಯಲ್ಲಿ ಮೋಟಾರು ನೋಂದಣಿಯ ಕೇಂದ್ರ ಕಚೇರಿಯು ಫ್ಲೆನ್ಸ್‌ಬುರ್ಗ್ ಎಂಬ ಪಟ್ಟಣದಲ್ಲಿದೆ. ಮರುಕರೆಯ ಸಂದರ್ಭದಲ್ಲಿ ಗಾಡಿಯ ಈಗಿನ ಒಡೆಯನ ವಿಳಾಸವನ್ನು ತನ್ನ ದಫ್ತರದಿಂದ ತೆಗೆದುಕೊಡುವದು ಅದೇ ಕಚೇರಿ. ಅಪಾಯಕರವಾದ ದೋಷವನ್ನು ತಿದ್ದಿಸಿಕೊಳ್ಳದವನ ಗಾಡಿಯನ್ನು ರಸ್ತೆಗೆ ಬಿಡದಂತೆ ತಡೆಯುವದೂ ಅಲ್ಲಿ ಸಾಧ್ಯ. ಇಂಗ್ಲೆಂಡಿನಲ್ಲಿ ನೋಂದಣಿಯ ಅಂಕಿಯೊಂದನ್ನು ಕೊಟ್ಟರೆ ಗಾಡಿಯ ವಾರ್ಷಿಕ ಪರೀಕ್ಷೆಯ ಚರಿತ್ರೆಯ ಜೊತೆಗೆ ಬಾಕಿಯಿರುವ ಮರುಕರೆಯೂ ತಿಳಿಯುವದು. ನಮ್ಮ ದೇಶದಲ್ಲಿ ‘ವಾಹನ್’ ಎಂಬ ನೋಂದಣಿಯ ದಫ್ತರದಲ್ಲಿ ಪ್ರತಿಯೊಂದು ಗಾಡಿಯ ಚಾಸಿ ಅಂಕಿಯೂ ಒಡೆಯನ ಹೆಸರೂ ಉಂಟು. ವಿಮೆಯ ಕಂಪನಿಯವರ ಹತ್ತಿರ ಪ್ರತಿ ವರ್ಷವೂ ಹೊಸದಾಗುವ ವಿಳಾಸವುಂಟು. ತಲೆಗೆ ಹೆಲ್ಮೆಟ್ಟಿಲ್ಲದೆ ಹೋದವನಿಗೆ ದಂಡದ ಸಂದೇಶವು ಮನೆ ಮುಟ್ಟುವ ಮೊದಲೇ ಮೊಬೈಲಿಗೆ ಬರುತ್ತದೆ. ದಂಡ ವಸೂಲಿಗೆ ಸಿಕ್ಕುವ ಪ್ರಜೆಯು ಪ್ರಾಣರಕ್ಷಣೆಗೆ ಸಿಕ್ಕುವದಿಲ್ಲವೆಂದರೆ ಅದು ಯಾವ ನ್ಯಾಯ?

ಇನ್ನೊಂದು ತೊಡಕೂ ಇದೆ. ಮೇಲೆ ಹೇಳಿದ ಫೋರ್ಡ್ ಕಂಪನಿಯವರು ೨೦೨೧ರ ಸಪ್ಟಂಬರದಲ್ಲಿ ಈ ದೇಶದಲ್ಲಿ ಕಾರು ತಯಾರಿಸುವದನ್ನು ನಿಲ್ಲಿಸುವೆವೆಂದು ಪ್ರಕಟಿಸಿದರು. ಮಾರಿದ ಗಾಡಿಗಳ ಸೇವೆಯನ್ನು ಮುಂದುವರಿಸುವೆವೆಂದು ಅವರು ಹೇಳಿದ್ದು ನಿಜ. ಆದರೆ ಮಾರುವ ಅಂಗಡಿ ಮುಚ್ಚಿದ ಊರಿನಲ್ಲಿ ಹಳೆಯ ಫಿಗೊ ಕೊಂಡ ಶಾಲಾಮಾಸ್ತರನು ತನ್ನ ಗಾಡಿಯ ಕೊಳವೆಯು ೨೦೧೩ರ ಮರುಕರೆಯಲ್ಲಿ ಬದಲಾಗಿದೆಯೋ ಇಲ್ಲವೋ ಎಂಬದನ್ನು ಯಾರಿಂದ ತಿಳಿಯಬೇಕು? ನೋಂದಣಿಯ ಪತ್ರದಲ್ಲಿಯೇ ‘ಮರುಕರೆ: ಪೂರೈಸಿದೆ’ ಎಂದು ಒಂದು ಸಾಲು ಬರೆಯಿಸಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಪರದೇಶದ ಕಂಪನಿಯು ಇಂದು ಇರುವದು, ನಾಳೆ ಹೋಗುವದು. ದಫ್ತರವನ್ನು ಇಡಬೇಕಾದವರು ನಾವು.

ನಮ್ಮವರ ತಪ್ಪುಗಳನ್ನು ಮುಚ್ಚಿ ಸರಕಾರವನ್ನಷ್ಟೇ ದೂರುವದು ನಮ್ಮ ರೀತಿಯಲ್ಲ. ಗಾಡಿಯನ್ನು ಮಾರಿದವನು ರಾಜ್ಯದೊಳಗಾದರೆ ಹದಿನಾಲ್ಕು ದಿನಗಳಲ್ಲಿ ನೋಂದಣಿಯ ಅಧಿಕಾರಿಗೆ ತಿಳಿಸಬೇಕೆಂದು ಕಾಯಿದೆಯಿದೆ. ನಮ್ಮ ಪೇಟೆಯಲ್ಲಿ ಒಂದು ಛಾಪಾ ಕಾಗದದ ಮೇಲೆ ಸಹಿ ಮಾಡಿ, ಕೀಲಿ ಕೊಟ್ಟು, ಚಹಾ ಕುಡಿದು ಎದ್ದುಹೋಗುವದೇ ವ್ಯವಹಾರವಾಗಿದೆ. ಇನ್ನೊಬ್ಬನ ಹೆಸರಿನ ಗಾಡಿಯನ್ನು ಐದು ವರ್ಷ ಓಡಿಸುವ ಮಹನೀಯರಲ್ಲಿ ವಕೀಲರೂ ಇದ್ದಾರೆ, ಸರಕಾರಿ ನೌಕರರೂ ಇದ್ದಾರೆ. ಹೆಸರು ಬದಲಾಯಿಸಲು ತಗಲುವ ಹಣವನ್ನು ಉಳಿಸಿದವನಿಗೆ ಮರುಕರೆ ಮುಟ್ಟದಿದ್ದರೆ ಆ ದೋಷದಲ್ಲಿ ಅವನದೂ ಪಾಲುಂಟು. ಹಳದಿ ದೀಪಕ್ಕೆ ಪಟ್ಟಿ ಅಂಟಿಸುವ ಮಿಸ್ತ್ರಿಗಳ ಮಾತನ್ನು ಮೇಲೆಯೇ ಹೇಳಿದೆವು. ಅವರಲ್ಲಿ ಅನೇಕರು ಕೈಚಳಕದವರು. ಹಳೆಯ ಎಂಜಿನನ್ನು ಬಿಚ್ಚಿ ಕಟ್ಟಬಲ್ಲರು. ಆದರೆ ವಿದ್ಯುತ್ತಿನ ಚುಕ್ಕಾಣಿಯು ಸುತ್ತಿಗೆಯ ಮಾತು ಕೇಳುವ ವಸ್ತುವಲ್ಲ. ಅವರಿಗೆ ಈ ಹೊಸ ಕೆಲಸವನ್ನು ಕನ್ನಡದಲ್ಲಿ ಕಲಿಸುವ ಏರ್ಪಾಡನ್ನು ನಮ್ಮ ಜಿಲ್ಲೆಯ ಕೈಗಾರಿಕಾ ತರಬೇತಿ ಸಂಸ್ಥೆಗಳು ಮಾಡಿದರೆ ಉಪಕಾರವಾದೀತು.

ಹಾವೇರಿಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು ದಿಲ್ಲಿಯ ಅಪ್ಪಣೆಯನ್ನು ಕಾಯದೆ ಕೂಡಲೇ ಮಾಡಬಹುದಾದುದು ಬಹಳವಿದೆ. ಬಾಡಿಗೆಯ ಗಾಡಿಗಳೆಲ್ಲ ಯೋಗ್ಯತಾಪತ್ರಕ್ಕಾಗಿ ಅವರ ಮುಂದೆ ಬಂದು ನಿಲ್ಲಲೇಬೇಕು; ಎಂಟು ವರ್ಷ ದಾಟಿದವು ವರ್ಷಕ್ಕೊಮ್ಮೆ, ಅದಕ್ಕೂ ಚಿಕ್ಕವು ಎರಡು ವರ್ಷಕ್ಕೊಮ್ಮೆ. ಆಗ ನಿರೀಕ್ಷಕನು ಬ್ರೇಕು, ದೀಪ, ಹೊಗೆಗಳನ್ನು ನೋಡುವಂತೆಯೇ ಚಾಸಿಯ ಅಂಕಿಯನ್ನು ಮರುಕರೆಯ ಪಟ್ಟಿಯೊಡನೆ ಹೊಂದಿಸಿ ನೋಡಿ, ಬಾಕಿಯಿದ್ದರೆ ಒಡೆಯನ ಕೈಗೆ ಕನ್ನಡದಲ್ಲಿ ಬರೆದ ಚೀಟಿ ಕೊಡಲಿ. ಕನ್ನಡದಲ್ಲಿ ಎಂಬ ಮಾತನ್ನು ನಾವು ಒತ್ತಿ ಹೇಳುವೆವು. ಮರುಕರೆಯ ಸಂದೇಶಗಳು ಇಂಗ್ಲಿಷಿನಲ್ಲಿ ಬಂದು, ಸಾಲದ ಜಾಹೀರಾತುಗಳ ನಡುವೆ ಅಳಿಸಿಹೋಗುತ್ತವೆ. ತನ್ನ ಪ್ರಾಣಕ್ಕೆ ಸಂಬಂಧಿಸಿದ ಮಾತನ್ನು ತನ್ನ ಭಾಷೆಯಲ್ಲಿ ಓದುವ ಅಧಿಕಾರವು ಈ ನಾಡಿನ ಪ್ರಜೆಗೆ ಇಲ್ಲವಾದರೆ ಏಕೀಕರಣಕ್ಕಾಗಿ ನಮ್ಮ ಹಿರಿಯರು ಪಟ್ಟ ಪಾಡು ಏತಕ್ಕೆ? ಶಾಲೆಯ ಮಕ್ಕಳನ್ನು ಒಯ್ಯುವ ಗಾಡಿಗಳನ್ನು ಮೊದಲು ನೋಡಲಿ, ಅದರಲ್ಲಿಯೂ ೨೦೨೧-೨೩ರ ಈಕೊಗಳನ್ನು. ನಾಲ್ಕು ತಾಲೂಕುಗಳಲ್ಲಿ ಇದು ಹೆಚ್ಚೆಂದರೆ ಕೆಲವು ದಿನಗಳ ಕೆಲಸ.

ಕಂಪನಿಯವರಿಗೂ ಒಂದು ಮಾತು. ಹೊಸ ಗಾಡಿ ಮಾರುವ ಕಾಲಕ್ಕೆ ಅವರು ಜಾತ್ರೆ ಸಂತೆಗಳಿಗೆ ಪೆಂಡಾಲು ಹಾಕಿ, ಧ್ವನಿವರ್ಧಕ ಹಚ್ಚಿ, ಹಳ್ಳಿಹಳ್ಳಿಗೆ ಬರಬಲ್ಲರು. ದೋಷ ತಿದ್ದುವಾಗ ಮಾತ್ರ ಒಡೆಯನು ಹುಬ್ಬಳ್ಳಿಗೆ ಬರಬೇಕೆಂಬುವರು. ಟೈ ರಾಡಿನಂಥ ಭಾಗವನ್ನು ಬದಲಿಸಲು ಒಂದು ಗಾಡಿ, ಇಬ್ಬರು ಕೆಲಸಗಾರರು, ಒಂದು ಜಾಕು ಸಾಕು. ಹಾನಗಲ್ಲದ ಸಂತೆಯ ದಿನ ಒಂದು ಮೂಲೆಯಲ್ಲಿ ಅವರು ಬಂದು ಕುಳಿತರೆ, ಹುಬ್ಬಳ್ಳಿಗೆ ಎಂದೂ ಹೋಗದ ಗಾಡಿಗಳು ತಾವಾಗಿಯೇ ಬಂದು ನಿಲ್ಲುವವು.

ಸಾರಿಗೆ ಇಲಾಖೆಯು ಮನಸ್ಸು ಮಾಡುವ ವರೆಗೆ ನಮ್ಮಿಂದಾದುದನ್ನು ನಾವು ಮಾಡುವೆವು. ಮುಂದಿನ ಸೋಮವಾರದಿಂದ ಪ್ರತಿ ಸೋಮವಾರ ಈ ಪತ್ರಿಕೆಯ ನಾಲ್ಕನೆಯ ಪುಟದಲ್ಲಿ, ಕಂಪನಿಗಳು ಪ್ರಕಟಿಸಿದ ಮರುಕರೆಗಳ ವಿವರವನ್ನು, ಯಾವ ಗಾಡಿ, ಯಾವ ತಾರೀಖಿನಿಂದ ಯಾವ ತಾರೀಖಿನ ವರೆಗೆ ತಯಾರಾದದ್ದು, ದೋಷವೇನು ಎಂಬುದರೊಡನೆ, ಕನ್ನಡದಲ್ಲಿ ಅಚ್ಚು ಮಾಡುವೆವು. ಇದಕ್ಕೆ ಯಾರಿಂದಲೂ ಜಾಹೀರಾತಿನ ದರ ತೆಗೆದುಕೊಳ್ಳುವದಿಲ್ಲ. ನೋಂದಣಿಯ ಪತ್ರದಲ್ಲಿ ಹದಿನೇಳು ಅಕ್ಷರ-ಅಂಕಿಗಳ ಚಾಸಿ ಸಂಖ್ಯೆಯಿರುವದು. ಅದನ್ನು ಕಂಪನಿಯವರ ಪಟ್ಟಿಯಲ್ಲಿ ಹುಡುಕಿ ನೋಡುವದು ತಿಳಿಯದವರು ಆ ಪತ್ರವನ್ನು ತೆಗೆದುಕೊಂಡು ನಮ್ಮ ಕಚೇರಿಗೆ ಬರಬಹುದು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ವರೆಗೆ ನಮ್ಮ ಗುಮಾಸ್ತರು ನೋಡಿ ಹೇಳುವರು.